ಡೊಕುವಾ ಅಜ್ಜಿಯ ‘ಒ’

ಟೆಚಿಮಾನ್ ಊರಿನ ಮಾರುಕಟ್ಟೆಯ ಹಿಂದೆ, ಸತ್ತವರ ಹೆಸರು, ಫೋಟೊ ಹಾಕಿ ಗೋಡೆಗೆ ಅಂಟಿಸುವ ಸಾವಿನ ಪೋಸ್ಟರ್ ಅಚ್ಚು ಹಾಕುವ ಅಕ್ಕ ತಮ್ಮ ಉಳಿದೆಲ್ಲದರಲ್ಲೂ ಅನ್ಯೋನ್ಯ, ಕಂಪ್ಯೂಟರ್ ವಿಷಯಕ್ಕೆ ಮಾತ್ರ ಹಾವು ಮುಂಗುಸಿ. ಕಂಪ್ಯೂಟರ್ ನಡೆಸುವ ತಂತ್ರಾಂಶ ಇಬ್ಬರದ್ದೂ ಲಿನಕ್ಸೇ. ಅಕ್ಕ ಬಿರಾಗೊಳದು ಎರಡು ವರ್ಷಕ್ಕೊಮ್ಮೆ ಬದಲಾಗುವ ‘ಸ್ಟೇಬಲ್’. ತಮ್ಮ ಕ್ವಾಕುನದು ದಿನಬೆಳಗಾದರೆ ಹೊಸದಾಗುವ ‘ರೋಲಿಂಗ್’. ಈಗ ಹೊಸ ಕಂಪ್ಯೂಟರೊಂದು ಡಬ್ಬದಲ್ಲೇ ಕೂತಿತ್ತು. ಅದಕ್ಕೆ ಯಾವುದನ್ನು ಹಾಕುವುದು? ಅಂಗಡಿಯಲ್ಲಿ ತನ್ನ ಮಾತು ನಡೆಯುತ್ತದೆಯೇ ಎಂಬುದು ಅದರಲ್ಲೇ ಗೊತ್ತಾಗಲಿ ಎಂದು ಕ್ವಾಕು ಹಟ ಹಿಡಿದಿದ್ದ.

“ನಿಂದು ಮುತ್ತಜ್ಜನ ಕಾಲದ್ದು ಕಣಕ್ಕಾ.”

“ಇರ್ಲಿ ಬಿಡೋ. ಇಲ್ಲೀವರ್ಗೂ ಕೈ ಕೊಟ್ಟಿಲ್ಲ.”

ಆ ಗುರುವಾರ ಡೊಕುವಾ ಅಜ್ಜಿಯ ಪೋಸ್ಟರಿನ ಕೆಲಸ ಬಂತು. ಇಡೀ ಕೇರಿಯ ಹೆರಿಗೆ ಮಾಡಿಸಿದ ಸೂಲಗಿತ್ತಿ, ಹುಟ್ಟಿದಾಗ ಕ್ವಾಕುನನ್ನೂ ಕೈಯಲ್ಲಿ ಹಿಡಿದವಳು. ಶನಿವಾರ ಮಣ್ಣು. ಕ್ವಾಕು ಬೆಳಿಗ್ಗೆ ತನ್ನ ಕಂಪ್ಯೂಟರ್ ಅಪ್‌ಡೇಟ್ ಮಾಡಿ, ಹುಮ್ಮಸ್ಸಿನಲ್ಲಿ ನಲವತ್ತು ಹಾಳೆ ಹೊಡೆದ. ಒಯ್ಯಲು ಬಂದ ಅಜ್ಜಿಯ ಮಗಳು ಹಾಳೆ ಹಿಡಿದು ನಿಂತೇಬಿಟ್ಟಳು.

“ಇದೇನಪ್ಪಾ, ನಮ್ಮವ್ವನ ಹೆಸರಲ್ಲಿ ತೂತು?”

ಅವರ ಟ್ವಿ ಭಾಷೆಯ, ಇಂಗ್ಲಿಷಿನ C ತಿರುಗಿಸಿಟ್ಟಂಥ ಬಾಯಿ ತೆರೆದ ‘ಒ’ ಇರಬೇಕಾದಲ್ಲಿ ಬರೀ ಚೌಕ. ಬೆಳಿಗ್ಗೆ ಬಂದ ಹೊಸ ಫಾಂಟು ಆ ಅಕ್ಷರವನ್ನು ನುಂಗಿ ಹಾಕಿತ್ತು. ಕ್ವಾಕುಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬಿರಾಗೊ ತನ್ನ ಹಳೆಯ ಕಂಪ್ಯೂಟರಿನಲ್ಲಿ ನಲವತ್ತನ್ನೂ ಮತ್ತೆ ಅಚ್ಚು ಹಾಕಿದಳು. ಹೊರಬಂದ ಒಂದೊಂದರಲ್ಲೂ ಹೆಸರನ್ನು ಗಟ್ಟಿಯಾಗಿ ಓದಿದಳು. ಎಂಥ ಗಟ್ಟಿಗಿತ್ತಿ ಎಂದು ಕ್ವಾಕು ಮೊದಲ ಸಲ ಮನಸಾರೆ ಒಪ್ಪಿಕೊಂಡ. ಇನ್ನು ಬೈಗುಳ ಬರುತ್ತದೆಂದು ಕಾದ.

“ಹನ್ನೆರಡು ವರ್ಷದ ಕೆಳಗೆ ನಂದ್ರಲ್ಲೂ ಇದೇ ಚೌಕ ಬರ್ತಿತ್ತು ಕಣೋ,” ಎಂದಳು. “ಯಾರೋ ನಿನ್ನಂಥ ಆತುರಗಾರ ಹೊಸದ್ರಲ್ಲಿ ಮೊದ್ಲು ಎಡವಿ, ತಪ್ಪು ಹಿಂಗಿದೆ ಅಂತ ಫಾಂಟು ಮಾಡೋರ್ಗೆ ಬರ್ದು ಕಳಿಸಿದ್ದ. ಅದಕ್ಕೇ ಇವತ್ತು ನಂದು ನೆಟ್ಟಗಿದೆ. ಹೊಸ ಕಂಪ್ಯೂಟರ್‌ಗೆ ನಂದೇ ಹಾಕೋಣ. ಆದ್ರೆ ನಿಂದನ್ನ ನೀನು ಬಿಡ್ಬೇಡ. ಕೂತ್ಕೋ, ಬರಿ.”

ಕ್ವಾಕು ಅಜ್ಜಿಯ ಹೆಸರನ್ನೇ ಉದಾಹರಣೆಯಾಗಿ ಬರೆದು ಕಳಿಸಿದ.

ಸೋಮವಾರ ಯಾವುದೋ ದೇಶದ ಅಪರಿಚಿತರಿಂದ ಉತ್ತರ ಬಂತು. ಅಕ್ಷರವನ್ನು ಸರಿ ಮಾಡಿದ್ದೇವೆ, ಇನ್ನು ಮುಂದೆ ಪ್ರತಿ ಹೊಸ ಫಾಂಟು ಹೊರಬಿಡುವ ಮುನ್ನ ಈ ಹೆಸರನ್ನೇ ಬರೆಸಿ ನೋಡುತ್ತೇವೆ ಎಂದಿತ್ತು. ಓದುತ್ತ ಕ್ವಾಕುನ ಕಣ್ಣು ತುಂಬಿ ಬಂತು.

“ಅಕ್ಕಾ, ಈ ಹೊಸ ಫಾಂಟಿನ ಜೊತೆ ಅಜ್ಜಿ ನಿನ್ನ ಕಂಪ್ಯೂಟರ್‌ಗೆ ಬರೋದು ಇನ್ನೆರಡು ವರ್ಷಕ್ಕೆ.”

“ಬರ್ಲಿ ಬಿಡು,” ಎಂದಳು ಬಿರಾಗೊ. “ಆಯಮ್ಮ ಯಾವ ಹೆರಿಗೇಲೂ ಅವಸರ ಮಾಡ್ದೋಳಲ್ಲ.”