ಮ್ಯುಟೇಟೆಡ್ ಅಂದರೆ ಒಳ್ಳೆಯದು

ಮುಂದಿನ ಸೀಟಿನ ಹೆಂಗಸಿನ ಜಡೆ ಬಸ್ಸು ಕುಲುಕಿದಾಗೆಲ್ಲ ಸರಳಿನ ಮೇಲಿಂದ ಜಾರಿ ನನ್ನ ಮಡಿಲಿನ ಫೈಲಿಗೆ ಬಡಿಯುತ್ತಿದೆ, ಎಣ್ಣೆ ಹತ್ತೀತು, ಹತ್ತಲಿ, ಆರು ವರ್ಷ ಅಣ್ಣನ ಕಪಾಟಿನಲ್ಲಿ ಬೀಗದೊಳಗಿದ್ದ ಫೈಲು, ಬೆಳಿಗ್ಗೆ ಅವನು ಮಲಗಿದ್ದಾಗ ಕೀಲಿಕೈ ತೆಗೆದು ನಾನೇ ತಂದದ್ದು, ಕೊಟ್ರಪ್ಪಣ್ಣ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿರದಿದ್ದರೆ ಇವತ್ತೂ ಅವನೇ ಹಾವೇರಿಯ ಡಾಕ್ಟರ ಎದುರು ಕೂರುತ್ತಿದ್ದ, ನಾನು ಹೊರಗೆ ಬೆಂಚಿನ ಮೇಲೆ — ಭುವನಾ, ನೀ ಒಳಗ ಬರಬ್ಯಾಡವ್ವಾ, ಕೇಳಿದ್ರ ಎದಿ ಒಡಕೊಂತಿ. ಇವತ್ತು ಒಳಗೆ ಹೋದೆ. ಡಾಕ್ಟರ್ ಮೇಧಾ ಹೊಸಬರು, ಚಿಕ್ಕ ವಯಸ್ಸು, ಹಾಳೆ ತಿರುವುತ್ತಿದ್ದರು, ನಾನೇ ತಡೆಯಲಾರದೆ ಕೇಳಿಬಿಟ್ಟೆ, ಮೇಡಂ, ಈ ರಕ್ತದ ಕ್ಯಾನ್ಸರಿಗೆ ಎರಡು ವರ್ಷ ಅಂದಿದ್ರು, ಆರು ಆತು, ಇನ್ನೆಷ್ಟು ದಿನ ಅಂತ ಹೇಳಿಬಿಡ್ರಿ. ಅವರ ಕೈ ಹಾಳೆಯ ಮೇಲೆ ನಿಂತಿತು. ಎರಡು ವರ್ಷ ಅಂದವರು ಯಾರ್ರಿ? ಆಮೇಲೆ ನಿಧಾನಕ್ಕೆ, ಮಗುವಿಗೆ ಮಗ್ಗಿ ಹೇಳಿಕೊಟ್ಟ ಹಾಗೆ, ಇಲ್ಲಿ ನೋಡ್ರಿ ಅಮ್ಮಾ, ನಿಮ್ಮ ರೋಗ ಯಾವ ನಮೂನಿದು ಅಂತ ತಿಳಿಯಾಕ ಎರಡು ಗುರುತು ನೋಡ್ಯಾರ, ಒಂದು, ಹದಿಮೂರನೇ ವರ್ಣತಂತುವಿನಾಗ ಒಂದು ತುಂಡಿಲ್ಲ, ಹದಿನೇಳನೇದರಾಗ ಇಲ್ಲದಿದ್ರ ಹೆದರಬೇಕಿತ್ತು, ಹದಿಮೂರನೇದರಾಗಷ್ಟ ಇಲ್ಲಂದ್ರ ಚಲೋ. ಇನ್ನೊಂದು, ಮ್ಯುಟೇಟೆಡ್, ಅಂದ್ರ ಜೀನ್ ಬದಲಾಗೈತಿ ಅಂತ ಬಂದೈತಿ, ಈ ರೋಗದಾಗ ಹಂಗ ಬಂದ್ರ ಒಳ್ಳೇದು. ಆರು ವರ್ಷದಾಗ ನಿಮ್ಮ ಬಿಳಿ ಕಣ ಇಪ್ಪತ್ನಾಲ್ಕು ಸಾವಿರ ಇದ್ದದ್ದು ಮೂವತ್ತೊಂದಾಗೈತಿ, ಎರಡು ಪಟ್ಟು ಸೈತ ಆಗಿಲ್ಲ. ಖಾತ್ರಿ ಅಂತ ಯಾರೂ ಹೇಳಾಕ ಬರೂದಿಲ್ಲ, ಆದ್ರ ನೀವು ಇನ್ನೂ ಭಾಳ ವರ್ಷ ಇರ್ತೀರಿ, ಔಷಧನೂ ಬೇಕಾಗಿಲ್ಲ ಈಗ. ನಾನು ಅಳಲಿಲ್ಲ, ನಗಲೂ ಇಲ್ಲ, ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಹುಡುಕುತ್ತಿದ್ದೆ, ಚಪ್ಪಲಿ ಕಾಲಿನಲ್ಲೇ ಇತ್ತು.

ಬಸ್ಸು ಹತ್ತುವವರೆಗೂ ಮನಸ್ಸಿನೊಳಗೆ ಅಣ್ಣನನ್ನು ನಾನೇ ವಹಿಸಿಕೊಂಡೆ, ಪಾಪ, ಹತ್ತನೇ ಇಯತ್ತೆ ಓದಿದವನು, ಮ್ಯುಟೇಟೆಡ್ ಅಂದರೆ ಅವನಿಗೇನು ಗೊತ್ತು, ತುಂಡಿಲ್ಲ ಅಂದರೆ ಯಾರಾದರೂ ಕೆಟ್ಟದ್ದೆಂದೇ ತಿಳಿಯುತ್ತಾರೆ, ಆರು ವರ್ಷದ ಹಿಂದೆ ಆ ಸಂಜೆ ಹುಬ್ಬಳ್ಳಿಯಿಂದ ನನ್ನ ರಿಪೋರ್ಟು ತಂದವನೇ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಅತ್ತಿದ್ದನಲ್ಲ, ಒಳಗ ಒಂದು ತುಂಡ ಕಳದೈತಂತ ತಂಗೀ, ರಕ್ತ ಪೂರಾ ಕೆಟ್ಟೈತಂತ, ಎರಡು ವರ್ಷ ಅಂದ್ರು, ಕಣ್ಣೀರು ಖರೇ ಕಣ್ಣೀರೇ, ನನ್ನ ಸೆರಗಿನಿಂದಲೇ ಒರೆಸಿದ್ದೆ. ಎಂಟು ದಿನಕ್ಕೆ ಬ್ಯಾಡಗಿ ಸ್ಟೇಶನ್ನಿನಲ್ಲಿ ಶಶಿಕಾಂತ ಅವರನ್ನು ಕಂಡೆ, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ, ಹೆಂಡತಿ ಸತ್ತು ನಾಲ್ಕು ವರ್ಷ, ನನಗೆ ಗಂಡ ಹೋಗಿ ಹದಿನೈದು, ಶ್ರಾವಣ ಕಳೆದ ಮೇಲೆ ನಾಲ್ಕು ಮಂದಿ ಎದುರು ಹಾರ ಹಾಕಿಕೊಳ್ಳುವುದೆಂದು ಮಾತಾಗಿತ್ತು, ಅಣ್ಣನೂ ಆತು ಅಂದಿದ್ದ. ಇನ್ನೊಮ್ಮೆ ಅವರನ್ನು ಹೆಣದ ಮುಂದೆ ಕೂರಿಸುವುದು ನನ್ನಿಂದಾಗದು, ರೋಗ ಅಂದರೆ ಬಿಡುವ ಮನುಷ್ಯನಲ್ಲ, ಅದಕ್ಕೇ ರೋಗದ ಮಾತೆತ್ತಲಿಲ್ಲ. ನನಗ ಮನಸಿಲ್ರೀ. ಅಷ್ಟೇ ಹೇಳಿದೆ. ಖರೇನ ಹೇಳಾಕತ್ತೀರೇನ್ರಿ ಭುವನಾ? ಹೌದ್ರಿ, ಖರೇ. ರಾಣೆಬೆನ್ನೂರಿನ ಗಾಡಿ ಬಂತು, ಹೋಯಿತು, ಅವರು ನಿಂತೇ ಇದ್ದರು. ಎರಡು ವರ್ಷ ಕಳೆದು ಕುಪ್ಪೇಲೂರಿನ ಕಾವೇರಿಯನ್ನು ಮದುವೆಯಾದರು, ನಾನು ಬದುಕಿಯೇ ಇದ್ದೆ, ಯಾಕೆ ಇನ್ನೂ ಬದುಕಿದ್ದೇನೆಂದು ನಾಚುತ್ತಿದ್ದೆ, ಹೊಸ ಸೀರೆ ಕೊಳ್ಳಲಿಲ್ಲ, ಹಲ್ಲು ನೋವಿದ್ದರೂ ತೋರಿಸಲಿಲ್ಲ, ಹೋಗುವವಳಿಗೆ ಹಲ್ಲೇಕೆ.

ಹಾವೇರಿ ಹಿಂದೆ ಉಳಿಯಿತು, ಕೈ ಸುಮ್ಮನಿರದೆ ಫೈಲಿನ ಕೊನೆಯ ಹಾಳೆ ತಿರುವಿತು, ಹಿಂಬದಿಯಲ್ಲಿ ಕನ್ನಡ. ಕನ್ನಡ! ಹುಬ್ಬಳ್ಳಿ ಡಾಕ್ಟರ ಕೈ. ಭುವನಾ ಅವರಿಗೆ, ಎರಡೂ ಗುರುತು ಒಳ್ಳೆಯವು, ಈಗ ಔಷಧ ಬೇಡ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಸಾಕು, ಹೆದರಬೇಡಿ. ನನ್ನ ಹೆಸರು, ನನಗೆ ಬರೆದದ್ದು. ಕೆಳಗೆ ನೀಲಿ ಶಾಯಿಯಲ್ಲಿ, ತಿಳಿಯಿತು, ಕೊಟ್ರಪ್ಪ. ಮೊದಲು ತಿಳಿತು ಎಂದು ಬರೆದು, ಓದಿ ನೋಡಿ, ಬಿಟ್ಟುಹೋದ ಯಿ ಅಕ್ಷರವನ್ನು ಮೇಲೆ ಸಣ್ಣದಾಗಿ ಸೇರಿಸಿದ್ದಾನೆ, ತಪ್ಪು ತಿದ್ದಿದ್ದಾನೆ, ಅಷ್ಟು ನಿಧಾನ, ಅಷ್ಟು ಸಮಾಧಾನ. ಫೋನು, ಅವನೇ. ಎಲ್ಲಿ ಅದಿ ತಂಗೀ, ಫೈಲ್ ಯಾಕ ಒಯ್ದಿ, ಡಾಕ್ಟರ್ ಏನಂದ್ರು? ಅಣ್ಣಾ, ಕಡೀ ಹಾಳಿ ಹಿಂದ ಕನ್ನಡದಾಗ ಬರದಾರಲ್ಲ, ನಿನಗ ಓದಾಕ ಬರಲಿಲ್ಲೇನು? ಅವನು ಹಾಸಿಗೆ ಹಿಡಿದಿದ್ದ ಅವ್ವನ, ಅತ್ತಿಗೆಯ ನೌಕರಿಯ ಮಾತೆತ್ತಿದ. ಅವ್ವ ಒಂದು ಕಡೆ ಬಿದ್ದಿದ್ಲಲ್ಲವಾ, ನಿಮ್ಮ ವೈನಿ ಕರ್ಜಗಿ ಸಾಲಿಗೆ ಕಲಸಾಕ ಹೋಗತಿದ್ಲು, ನೀ ಹ್ವಾದ್ರ ಅವ್ವನ ಯಾರು ನೋಡತಿದ್ರು? ಅವ್ವ ಸತ್ತ ಮ್ಯಾಲ? ಆಮ್ಯಾಲ... ಹೆಂಗ ಹೇಳ್ಲಿ, ಬಾಯಿ ಬರಲಿಲ್ಲ, ನೀನೂ ಕೇಳಲಿಲ್ಲ. ನಾನೂ ಕೇಳಲಿಲ್ಲ! ಮೂರು ವರ್ಷ ಅವ್ವ ಸಿದ್ದವ್ವನ ಮಲ ಮೂತ್ರ ಬಳಿದೆ, ಅದಕ್ಕಲ್ಲ ಸಿಟ್ಟು, ಕೇಳಿದ್ದರೆ ಹಾಗೇ ಬಳಿಯುತ್ತಿದ್ದೆ, ಶಶಿಕಾಂತ ಅವರೂ ಕಾಯುತ್ತಿದ್ದರು, ಒಂದು ಮಾತು ಕೇಳಿದ್ದರೆ — ಪ್ರತಿ ಹಬ್ಬಕ್ಕೂ ಇದ ಕಡೀದೇನೋ ಅಂತ ನನ್ನ ತಲೆ ಸವರುತ್ತಿದ್ದ ಆ ಕೈ, ಅದೇ ಕೈ ಆ ಯಿ ಸೇರಿಸಿದ್ದು, ಲಗೂ ಬಾ ತಂಗೀ, ಕಾಲು ಭಾಳ ನೋಯಾಕತ್ತೈತಿ, ವೈನಿ ಇನ್ನೂ ಸಾಲಿಯಿಂದ ಬಂದಿಲ್ಲ, ಬಿಸಿನೀರು ಕಾಸಾಕ ಯಾರೂ ಇಲ್ಲ ಅನ್ನುತ್ತಿದ್ದ, ಫೋನು ಬಂದ್ ಮಾಡಿದೆ. ಮೋಟೆಬೆನ್ನೂರ, ಮೋಟೆಬೆನ್ನೂರ, ಬ್ಯಾಡಗಿಯವ್ರು ಇಳ್ಕೊಳ್ರಿ, ಕಂಡಕ್ಟರ್ ಕೂಗಿದ. ಏಳಲಿಲ್ಲ. ಅಕ್ಕಾರ, ನಿಮ್ಮ ಸ್ಟಾಪ್ ರೀ. ರಾಣೆಬೆನ್ನೂರಿಗೆ ಬರ್ತೇನ್ರಿ. ಅಲ್ಲಿ ನನಗೆ ಯಾರೂ ಇಲ್ಲ, ಇದ್ದವರ ಮನೆ ತುಂಬಿದೆ, ಆದರೂ ಬ್ಯಾಡಗಿ ಅಲ್ಲ, ಆ ಹೊಸ್ತಿಲು ಅಲ್ಲ, ಯಾವುದಾದರೂ ದವಾಖಾನೆಯಲ್ಲಿ ಹಲ್ಲು ತೋರಿಸುತ್ತೇನೆ, ಆಮೇಲೆ, ಆಮೇಲೆ ಎಂಬುದು ನನಗೂ ಇದೆಯಂತೆ, ಎಷ್ಟು ವರ್ಷ, ಏನು ಮಾಡುವುದು ಇಷ್ಟು ವರ್ಷ, ಕಣ್ಣು ಮುಚ್ಚಿದರೆ ನೀಲಿ ಶಾಯಿ, ತೆರೆದರೂ ಅದೇ, ಸಾಲಿನ ಮೇಲೆ ತುಸು ಓರೆಯಾಗಿ, ಜಾಗ ಸಾಲದೆಂದು ಒತ್ತಿ ಕೂರಿಸಿದ, ಸಣ್ಣ, ದುಂಡನೆಯ, ತಪ್ಪಿಲ್ಲದ ಆ ಯಿ —