ಮೂರು ಫ್ಯಾನಿನ ಕಾರ್ಡು

ಹೊಸ ಪ್ಲಾಸ್ಟಿಕ್ಕಿನ ವಾಸನೆ, ಇನ್ನೂ ನೀರು ಕಾಣದ ಬಟ್ಟೆಯ ಗಂಜಿ ವಾಸನೆಗೆ ದಾಯಾದಿ ಎನ್ನಬೇಕು, ಎಂದುಕೊಂಡಳು ಟೈಲರಮ್ಮ, ಕಂಪ್ಯೂಟರ್ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಎಷ್ಟು ಭಾರ, ಮೂರು ಫ್ಯಾನು — ಕೌಂಟರಿನ ಆಚೆ ಅಂಗಡಿಯವನು, ಮೇಡಂ, ಎರಡು ಫ್ಯಾನಿಂದೇ ಸಾಕು ನಿಮಗೆ ಅನ್ನುತ್ತಿದ್ದಾನೆ, ಸಾಕು ಸಾಕು ಎಂದುಕೊಂಡೇ ಹಳೇ ಲ್ಯಾಪ್‌ಟಾಪಿನಲ್ಲಿ ಆಡಿದ್ದಾಯಿತಲ್ಲ, ಆಟದೊಳಗಿನ ಕೋಟೆಯ ಬಾಗಿಲು ಅರ್ಧ ತೆರೆಯುವಷ್ಟರಲ್ಲಿ ಪರದೆ ಕಲ್ಲಾಗುತ್ತದೆ, ಸಂದಿಯಲ್ಲಿ ಒಳಗೆ ಓಡುವ ತಮ್ಮನ ಬೆನ್ನು, ಅಷ್ಟೇ, ಹೆಡ್‌ಫೋನಿನಲ್ಲಿ ನಗು, ಏನಕ್ಕಾ, ಬಾಗಿಲು ಕಾಯೋಕೆ ಬಂದಿದ್ದೀಯಾ? — ಹೋದ ವಾರ ನಗದೆ ಹೇಳಿದ, ಬೇಜಾರು ಮಾಡ್ಕೋಬೇಡ, ಭಾನುವಾರದ ಪಂದ್ಯದಲ್ಲೂ ಹೀಗೇ ಆದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ತಗೋತೀವಿ — ತಮ್ಮ ಬೇರೆ ಊರಿಗೆ ಹೋದ ಮೇಲೆ ಇಬ್ಬರೂ ಒಟ್ಟಿಗಿರುವುದು ಆ ಕೋಟೆಯಲ್ಲಿ ಮಾತ್ರ, ಫೋನಿನಲ್ಲಾದರೆ ಊಟ ಆಯ್ತಾ, ಆಯ್ತು, ಮುಗಿಯಿತು — ಇಲ್ಲ, ಮೂರು ಫ್ಯಾನಿನದೇ, ಅದಕ್ಕೆಂದೇ ಪ್ರೊಸೆಸರು ಅಗ್ಗದ ಆರು ಕೋರಿನದಕ್ಕೆ ನಿಲ್ಲಿಸಿದ್ದು, ಅಸ್ತರಿಗೆ ಸುರಿದು ಮೇಲ್ಬಟ್ಟೆಗೆ ಜಿಪುಣತನ ಮಾಡುವವಳಲ್ಲ ಅವಳು, ಪವರ್ ಸಪ್ಲೈ ಮಾತ್ರ ಒಳ್ಳೆಯದು, ದಾರ ಕಳಪೆಯಾದರೆ ಎಂಥ ಬಟ್ಟೆಯೂ ಹೊಲಿಗೆ ಬಿಡುತ್ತದೆ, ಎಲ್ಲವನ್ನೂ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತಾನೇ ಜೋಡಿಸಿ, ಹೊಸ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಇಲ್ಲಿಗೆ ಹೊತ್ತು ತಂದಿದ್ದಾಳೆ, ಟೇಪು ಹಿಡಿದು ಅಳೆದದ್ದೂ ಆಗಿದೆ, ಒಳಗೆ ಮೂವತ್ತಮೂರು ಸೆಂಟಿಮೀಟರು, ಕಾರ್ಡು ಮೂವತ್ತೆರಡು, ಹಾಕಿ ನೋಡೋಣ ಅಣ್ಣ — ಟಕ್, ಮೂತಿ ತಾಗಿತು, ಅಯ್ಯೋ, ಕ್ಯಾಬಿನೆಟ್ಟಿನ ಮುಂಭಾಗದ ಫ್ಯಾನು! ಗೋಡೆಯಿಂದ ಗೋಡೆಗೆ ಅಳೆದು ಫ್ಯಾನಿನ ದಪ್ಪ ಮರೆತಳಲ್ಲ, ಸ್ವೆಟರ್ ಮೇಲೆ ಹಾಕೋ ಕೋಟಿಗೆ ಸ್ವೆಟರ್ ಸೇರಿಸೇ ಅಳತೆ ಕೊಡಬೇಕು ಅಂತ ಗಿರಾಕಿಗಳಿಗೆ ದಿನಾ ಪಾಠ ಹೇಳುವವಳು — ನಾನು ಹೇಳ್ಲಿಲ್ವಾ ಮೇಡಂ, ಇದು ಹಿಡಿಯಲ್ಲ, ಚಿಕ್ಕದೇ ತಗೊಳ್ಳಿ — ಮತ್ತೆ ಅದೇ ಅರ್ಧ ಬಾಗಿಲು, ಅದೇ ಬೆನ್ನು, ಆದರೆ ಹಿಡಿಯಲ್ಲ ಎಂಬ ಮಾತು ಕಿವಿಗೆ ಬಿದ್ದರೆ ಅವಳ ಬೆರಳು ಸುಮ್ಮನಿರುವುದಿಲ್ಲ, ಹಿಡಿಯದ ಕೋಟುಗಳಿಂದಲೇ ಹೊಟ್ಟೆ ಹೊರೆದವಳು, ಮುಂದೆ ಎರಡು ಫ್ಯಾನಿವೆ, ಅಡ್ಡ ಬರುವುದು ಮೇಲಿನದೊಂದೇ, ನೆತ್ತಿಯಲ್ಲಿ ಫ್ಯಾನು ಕೂರಿಸುವ ಜಾಗ ಖಾಲಿ — ಕೊಡಿ ಇಲ್ಲಿ ಸ್ಕ್ರೂಡ್ರೈವರು, ಇದನ್ನ ಮೇಲಕ್ಕೆ ಹಾಕೋಣ, ಬಿಸಿ ಗಾಳಿ ಹೋಗೋದೂ ಮೇಲಕ್ಕೇ ತಾನೆ? ಅಂಗಡಿಯವನು ತಲೆ ಕೆರೆದುಕೊಂಡ, ಆಗುತ್ತೆ ಮೇಡಂ, ನಿಮ್ಮನ್ನ ಇಲ್ಲೇ ಕೆಲಸಕ್ಕಿಟ್ಕೋಬೇಕು — ಮೊದಲು ನಿಮ್ಮ ಅಂಗಿ ಗುಂಡಿ ಹಾಕಿಸ್ಕೊಳ್ಳಿ ಅಣ್ಣ, ಕಿತ್ತು ಬಂದಿದೆ — ತಿರುಪು, ಇನ್ನೊಂದು ತಿರುಪು, ಮೆಲ್ಲಗೆ ತಳ್ಳು, ಜಾರುತ್ತಿದೆ, ಜಾರುತ್ತಿದೆ, ಕ್ಲಿಕ್, ಆಹಾ, ವೈರು, ಸ್ವಿಚ್ಚು, ಕಾರ್ಡಿನ ಮೂರೂ ಫ್ಯಾನು ಒಮ್ಮೆಲೇ ಉಸಿರೆಳೆದವು, ತಮ್ಮನಿಗೆ ಹೇಳಬೇಕು, ಬೇಡ, ಹೇಳಬಾರದು, ಭಾನುವಾರ ಅವನೇ ನೋಡಲಿ, ಆ ಕೋಟೆಯ ಒಳಗೆ ಏನಿದೆಯೋ, ಅಂಗಳವೋ ಮೆಟ್ಟಿಲೋ, ಇಷ್ಟು ದಿನ ಆಡಿಯೂ ಅವಳಿಗೆ ಗೊತ್ತಿಲ್ಲ, ಅವಳು ಕಂಡದ್ದು ಬಾಗಿಲು, ಅರ್ಧ ತೆರೆದದ್ದು, ಸಂದಿಯಲ್ಲಿ ಅವನ ಬೆನ್ನು, ಓಡುತ್ತ, ಈಗ ನಿಂತ ಬೆನ್ನು, ಈಗ ತಿರುಗುತ್ತಿರುವ ಮುಖ