ಮೂರು ಜನರ ಫೋಟೋ

ಕ್ಯಾಮೆರಾವನ್ನು ಈರುಳ್ಳಿ ರಾಶಿಯ ಮೇಲೆ ಬಿಸಾಡಿ ಎದ್ದು ಹೋಗುವಷ್ಟು ಸಿಟ್ಟು ಕೋಮಲಾಗೆ ಬಂದಿತ್ತು. ಬಿಸಾಡಲಿಲ್ಲ, ಯಾಕೆಂದರೆ ಕ್ಯಾಮೆರಾ ಅವಳದಲ್ಲ. ಕಡೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಪ್ರಸನ್ನಕುಮಾರ್ ಸರ್ ಅವರದು. ಅಜ್ಜಂಪುರದಿಂದ ಬಸ್ಸು ಹಿಡಿದು ಹೋಗಿ ಅವಳು ಅವರ ಹತ್ತಿರ ಕೆಲಸ ಕಲಿಯುತ್ತಿದ್ದಳು. ಕಲಿಯುವುದೆಂದರೆ ಏನು ಮಣ್ಣು, ಮದುವೆಮನೆಗಳಲ್ಲಿ ಲೈಟ್ ಹಿಡಿದು ನಿಲ್ಲುವುದು! ತರೀಕೆರೆಯ ಪ್ರದರ್ಶನಕ್ಕೆ ನೀನು, ಸ್ಫೂರ್ತಿ, ಇಬ್ಬರು ಶಿಷ್ಯರಲ್ಲಿ ಒಬ್ಬರ ಚಿತ್ರ ಕಳಿಸುತ್ತೇನೆ, ಯಾರದು ಹೋಗುತ್ತದೋ ಅವರ ಕೈಗೆ ಮುಂದಿನ ಮದುವೆಯಿಂದ ಕ್ಯಾಮೆರಾ ಎಂದು ಸರ್ ಹೇಳಿದ್ದರು. ವಿಷಯ, ಹೆಣ್ಣುಮಕ್ಕಳ ದುಡಿಮೆ. ಚಿತ್ರ ಇವತ್ತೇ ಬೇಕು.

ದುಡಿಮೆಯೇನೋ ಕಣ್ಣೆದುರಿಗೇ ಇತ್ತು. ಹಿತ್ತಿಲಲ್ಲಿ ಅವಳ ಅಮ್ಮ ಪಂಕಜಾಕ್ಷಿ, ದೊಡ್ಡಮ್ಮ ಸಾವಿತ್ರಮ್ಮ, ಚಿಕ್ಕಮ್ಮ ಭುವನಾ, ಮೂವರು ವಾರಗಿತ್ತಿಯರೂ ಈರುಳ್ಳಿಯ ಬಾಲ ಕೊಯ್ಯುತ್ತ ಕೂತಿದ್ದರು. ಇಳಿಬಿಸಿಲಲ್ಲಿ ಹಾರುವ ಸಿಪ್ಪೆಯೂ ಹೊಳೆಯುತ್ತಿತ್ತು. ಅವಳು ಕ್ಯಾಮೆರಾ ಎತ್ತಿದ್ದೇ ತಡ, ಸಾವಿತ್ರಮ್ಮ ಕೈ ಅಡ್ಡ ಹಿಡಿದಳು.

“ಲೇ, ಬ್ಯಾಡ ಕಣೇ. ಮೂರು ಜನ ಆಯ್ತೀವಿ.”

ಮೂವರೇ ಒಂದು ಫೋಟೋದಲ್ಲಿದ್ದರೆ ಒಬ್ಬರಿಗೆ ಕೇಡು ಎಂಬ ನಂಬಿಕೆ. ಅದಕ್ಕೇ, ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ ಈ ಮೂವರದೇ ಅಂತ ಒಂದು ಫೋಟೋ ಮನೆಯಲ್ಲಿರಲಿಲ್ಲ. ಇರುವುದರಲ್ಲೆಲ್ಲ ಒಬ್ಬ ಗಂಡನೋ ಮಗುವೋ ಐನೋರೋ ಲೆಕ್ಕ ತುಂಬಲು ನಿಂತಿರುತ್ತಿದ್ದರು.

“ಅದೆಲ್ಲ ಸುಳ್ಳು ದೊಡ್ಡಮ್ಮ. ನೀನು ಸುಮ್ನೆ ಕೊಯ್ತಾ ಇರು.”

“ನಿಂಗೆ ಸುಳ್ಳು. ನಂಗೆ ಇವರಿಬ್ರೂ ಬೇಕು,” ಎಂದ ಸಾವಿತ್ರಮ್ಮ ಬೇಲಿಯಾಚೆಗೆ ಕೂಗು ಹಾಕಿದಳು. “ಏ ತಿಪ್ಪೇಶಾ, ಬಾರೋ, ಒಂದು ಫೋಟೋಕ್ಕೆ ನಿಂತು ಹೋಗು!”

ಪಕ್ಕದ ಮನೆಯ ತಿಪ್ಪೇಶ್ ಬಂದ. ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ಕಪ್ಪು ಕನ್ನಡಕ ಏರಿಸಿಕೊಂಡೇ ಬಂದ. ರಾಶಿಯ ಹಿಂದೆ ಕೈಕಟ್ಟಿ, ಪಂಚಾಯ್ತಿ ಎಲೆಕ್ಷನ್ನಿಗೆ ನಿಂತವನ ಹಾಗೆ ನಿಂತ. ಹೆಂಗಸರು ಈಳಿಗೆ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು ಕೂತರು. ಹೆಣ್ಣುಮಕ್ಕಳ ದುಡಿಮೆಯಂತೆ! ದುಡಿಯುವವರು ಒಬ್ಬರೂ ಇಲ್ಲ, ಮಧ್ಯೆ ತಿಪ್ಪೇಶ.

“ಚೆನ್ನಾಗ್ ಬಂತಾ? ನಂಗೂ ಕಳ್ಸು,” ಎಂದು ಅವನು ಹೊರಟುಹೋದ.

ಬಿಸಿಲು ಇಳಿಯುತ್ತಿತ್ತು. “ಇಬ್ಬಿಬ್ರುದ್ದೇ ತೆಗಿಯೇ,” ಎಂದಳು ಭುವನಾ. ಕೋಮಲಾಗೆ ತಡೆಯಲಾಗಲಿಲ್ಲ. ನೆರಳು ಬೀಳದಿರಲಿ ಎಂದು ಇಷ್ಟು ಹೊತ್ತು ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕೂತಿದ್ದವಳು ಎದ್ದು ಅವರೆದುರು ಬಂದು ನಿಂತಳು.

“ನಾನು ಲೈಟ್ ಹಿಡ್ಕೊಂಡೇ ಸಾಯ್ತೀನಿ ಬಿಡ್ರಿ!”

ಬೆನ್ನ ಹಿಂದಿನ ಬಿಸಿಲಿಗೆ ಅವಳ ನೆರಳು ಉದ್ದಕ್ಕೆ ಚಾಚಿ ರಾಶಿಯ ಮೇಲೆ ಬಿದ್ದಿತ್ತು. ಪಂಕಜಾಕ್ಷಿ ಅದನ್ನೇ ನೋಡಿದಳು.

“ಅಕ್ಕಾ, ನೋಡಿಲ್ಲಿ. ನಾಲ್ಕನೆಯವಳು ಬಂದವ್ಳೆ.”

ಸಾವಿತ್ರಮ್ಮ ಬಗ್ಗಿದಳು. “ಹೌದಲ್ಲೇ! ಜುಟ್ಟೂ ಕಾಣ್ತದೆ. ತೆಗಿಯೇ ಹಂಗಾರೆ. ಆಮೇಲೆ ಅದನ್ನ ಅಳಿಸ್ಬಾರ್ದು, ಆಣೆ ಮಾಡು.”

“ಆಣೆ,” ಎಂದಳು ಕೋಮಲಾ, ಬೆಳಕು ಹೋಗುವ ಗಡಿಬಿಡಿಯಲ್ಲಿ. ನೆರಳಿನ ಜುಟ್ಟು ನೋಡಿ ಮೂವರಿಗೂ ನಗು ಬಂತು. ನಗುತ್ತಲೇ ಕೈಗಳು ತಮ್ಮಷ್ಟಕ್ಕೆ ಕೆಲಸಕ್ಕೆ ಮರಳಿದವು. ಅವಳು ಒತ್ತಿದಳು.

ಫೋನಿಗಿಳಿಸಿ ಕಳಿಸಿದ ಸ್ವಲ್ಪ ಹೊತ್ತಿಗೇ ಸರ್ ಅವರ ವಾಯ್ಸ್ ಮೆಸೇಜ್ ಬಂತು. “ತುಂಬ ಚೆನ್ನಾಗಿದೆಯಮ್ಮಾ. ಇದನ್ನೇ ಕಳಿಸ್ತೀನಿ. ಕೆಳಗೆ ನಿನ್ನ ನೆರಳು ಬಿದ್ದಿದೆ, ಎಷ್ಟು ಸಲ ಹೇಳಿದೀನಿ? ಅದೊಂದು ಕಟ್ ಮಾಡಿ ಈಗ್ಲೇ ಕಳ್ಸು.”

ಬೆರಳಿನಿಂದ ಒಂಚೂರು ಮೇಲಕ್ಕೆ ಎಳೆದಳು. ನೆರಳು ಹೋಯಿತು. ಮೂವರು ಉಳಿದರು. ಚಿತ್ರ ನಿಜವಾಗಿಯೂ ಇನ್ನೂ ಚೆನ್ನಾಗಿ ಕಾಣುತ್ತಿತ್ತು, ಅದೇ ಅವಳ ಹೊಟ್ಟೆ ಉರಿಸಿತು. ಆ ನಂಬಿಕೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಆದರೂ ‘ನಂಗೆ ಇವರಿಬ್ರೂ ಬೇಕು’ ಎಂದ ದೊಡ್ಡಮ್ಮನ ದನಿ ಕಿವಿಯಿಂದ ಹೋಗಲೊಲ್ಲದು. ಸರ್ ಮೇಲೆ, ದೊಡ್ಡಮ್ಮನ ಮೇಲೆ, ಬಾಯಿತಪ್ಪಿ ಆಣೆ ಮಾಡಿದ ತನ್ನ ಮೇಲೆ, ಎಲ್ಲರ ಮೇಲೂ ರೇಗಿತು. ರೇಗುತ್ತಲೇ ಟೈಪ್ ಮಾಡಿದಳು: ‘ಕಟ್ ಮಾಡಕ್ಕಾಗಲ್ಲ ಸರ್. ಅದು ನೆರಳಲ್ಲ, ನಾಲ್ಕನೆಯವಳು.’

‘ತಮಾಷೆ ಬೇಡ,’ ಎಂದು ಉತ್ತರ ಬಂತು. ‘ಸ್ಫೂರ್ತಿದು ಕಳಿಸ್ತಿದೀನಿ. ಭಾನುವಾರ ಮದುವೆ ಇದೆ, ಲೈಟ್ ಹಿಡಿಯೋಕೆ ಬಾ.’

“ಫೋಟೋ ಹೋಯ್ತೇನೇ?” ಹಿತ್ತಿಲಿನಿಂದ ಸಾವಿತ್ರಮ್ಮ ಕೂಗಿದಳು.

“ಇಲ್ಲ!” ಎಂದು ಸಿಡುಕಿ, ಹೋಗಿ ಫೋನ್ ಅವಳ ಮುಂದೆ ಹಿಡಿದಳು. “ಇಲ್ಲೇ ಇದೆ, ನೋಡ್ಕೊಳ್ಳಿ.”

ಮೂರು ತಲೆಗಳು ಬಗ್ಗಿದವು. ಸಾವಿತ್ರಮ್ಮ ಈರುಳ್ಳಿ ವಾಸನೆಯ ಬೆರಳಿನಿಂದ ಒಂದೊಂದೇ ಮುಖ ಮುಟ್ಟಿ ಎಣಿಸಿದಳು. ಕೊನೆಗೆ ನೆರಳಿನ ಜುಟ್ಟಿನ ಮೇಲೆ ಬೆರಳಿಟ್ಟು, “ನಾಲ್ಕು,” ಎಂದಳು.

ಕೋಮಲಾಗೆ ಅಳು ಬಂತು. ಈರುಳ್ಳಿ ಘಾಟು ಅಂದುಕೊಳ್ಳಲಿ ಎಂದು ಮುಖ ತಿರುಗಿಸಲಿಲ್ಲ.